ಹದಿನಾಲ್ಕು ಕಿಲೋ

ತೊಗರಿ ರಾಶಿಯ ದಿನಗಳು. ಯಾದಗಿರಿ ಜಿಲ್ಲೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನಾಗ ಸ್ಟಾಫ್ ನರ್ಸ್. ಸಂಜೆ ಏಳರ ಹೊತ್ತಿಗೆ, ಟ್ರ್ಯಾಕ್ಟರ್ ಟ್ರೇಲರಿನ ಮೇಲಿಂದ ಬಿದ್ದ ಐದು ವರ್ಷದ ಮಗನನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ಓಡಿ ಬಂದ. ಒಂದು ಹನಿ ರಕ್ತವೂ ಕಾಣುತ್ತಿರಲಿಲ್ಲ. ಹೊಟ್ಟೆಯ ಎಡಮಗ್ಗುಲು ಮುಟ್ಟಿದರೆ ಮಾತ್ರ ಹುಡುಗ ನರಳುತ್ತಿದ್ದ.

ನನ್ನ ಭಯವೂ ಅದೇ: ರಕ್ತ ಹೊಟ್ಟೆಯೊಳಗೇ ಸೋರುತ್ತಿದ್ದರೆ? ಮಕ್ಕಳ ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಬಹಳ ಹೊತ್ತು ಹಿಡಿದಿಟ್ಟು, ಆಮೇಲೆ ಒಮ್ಮೆಲೇ ಕೈಬಿಡುತ್ತವೆ. ಇವನ ಬಿಪಿ ಚೆನ್ನಾಗಿಯೇ ಇತ್ತು. ನಾಡಿ ಮಾತ್ರ ನಿಮಿಷಕ್ಕೆ 160, ಪಾದ ತಣ್ಣಗೆ. (ಬಿಪಿ ನೋಡಲು ಮಕ್ಕಳ ತೋಳಿಗೆ ಸುತ್ತುವ ಪಟ್ಟಿ ಲಸಿಕೆ ಕೋಣೆಯ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಮನೆಗೆ ಹೋದವರ ಚೀಲದಲ್ಲಿತ್ತು. ಕೊಂಡಿಯನ್ನೇ ಕಿತ್ತೆವು.)

"ತೂಕ ಎಷ್ಟು?" ಎಂದರು ವೈದ್ಯರು. ಮಕ್ಕಳಿಗೆ ಸಲೈನ್, ನೋವಿನ ಮದ್ದು, ರಕ್ತ ಎಲ್ಲವೂ ಕಿಲೋ ಲೆಕ್ಕ. ಇವನನ್ನು ನಿಲ್ಲಿಸಿ ತೂಗುವಂತಿರಲಿಲ್ಲ. ಅಂದು ತುಂಬಿದ ತೊಗರಿ ಚೀಲಗಳ ತೂಕ ಅಪ್ಪನಿಗೆ ಬಾಯಿಪಾಠ, ಮಗನದು ಗೊತ್ತಿಲ್ಲ. ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುವ ಸೂತ್ರ 18 ಎನ್ನುತ್ತಿತ್ತು. ಪಕ್ಕೆಲುಬು ನೋಡಿದ ನನಗೆ ನಂಬಿಕೆ ಬರಲಿಲ್ಲ. ಸೂತ್ರ ಕಟ್ಟಿದವರು ನಮ್ಮ ಕಡೆಯ ಮಕ್ಕಳನ್ನು ಕಂಡಿರಲಿಕ್ಕಿಲ್ಲ. ಅಜ್ಜಿಗೆ ಹೊಳೆಯಿತು: "ಯವ್ವಾ, ಅಂಗನವಾಡಿ ಟೀಚರ್ ತಿಂಗಳಿಗೊಮ್ಮೆ ತೂಗುತ್ತಾರಲ್ಲ!" ಫೋನ್ ಮಾಡಿದೆವು. ರೊಟ್ಟಿ ಬಡಿಯುವುದನ್ನು ಬಿಟ್ಟೆದ್ದ ಆಕೆ ರಿಜಿಸ್ಟರ್ ತೆರೆದು ಹೇಳಿದರು: 14. ಕಿಲೋಗೆ 80 ಮಿ.ಲೀ. ಎಂದರೂ, ಆ ಮೈಯಲ್ಲಿರುವ ರಕ್ತ ಒಂದು ಲೀಟರಿಗಿಂತ ಚೂರು ಹೆಚ್ಚು, ಅಷ್ಟೇ.

ಕೈಯಲ್ಲಿ ನರ ಸಿಗಲಿಲ್ಲ. ಮೂರು ಸಲ ಚುಚ್ಚಿ ಸೋತೆ. ಮೊಣಕಾಲ ಕೆಳಗಿನ ಮೂಳೆಗೇ ಸಲೈನ್ ಬಿಡುವ ಸೂಜಿಯ ಬಗ್ಗೆ ತರಬೇತಿಯಲ್ಲಿ ಕೇಳಿದ್ದೆ, ಕಣ್ಣಿಂದ ಕಂಡಿರಲಿಲ್ಲ. ಕೊನೆಗೆ ಹಿರಿಯ ಸಿಸ್ಟರ್ ಕಾಲಿನ ಹರಡಿನ ಮುಂದೆ ಬೆರಳಾಡಿಸಿ ಒಂದೇ ಸಲಕ್ಕೆ ಹಾಕಿದರು.

108ರಲ್ಲಿ ಕಲಬುರಗಿಗೆ ಹೊರಟೆವು, 80 ಕಿ.ಮೀ. ದಾರಿ. ಹೊರಗೆ ಚಳಿ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ತಡ. ಅಜ್ಜಿಯ ಕೌದಿ ಹೊದಿಸಿ ನಾಡಿ ಎಣಿಸುತ್ತ ಕುಳಿತೆ. ಹೊಟ್ಟೆಯ ಎಡಕ್ಕಿರುವ ಗುಲ್ಮ (ಸ್ಪ್ಲೀನ್) ಸೀಳಿತ್ತೆಂದೂ ಹೊಟ್ಟೆ ಕೊಯ್ಯದೆಯೇ ಮಾಯಿತೆಂದೂ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಆ ರಾತ್ರಿ ಸ್ಟ್ರೆಚರ್ ಇಳಿಸುವ ಮೊದಲೇ ಅಲ್ಲಿನ ವೈದ್ಯರು ಕೇಳಿದರು, "ತೂಕ?"

"14."

"ಅಂದಾಜೋ?"

"ಅಲ್ಲ ಸರ್, ಅಂಗನವಾಡಿಯ ತಕ್ಕಡಿಯದು."