ಹಿಂದಿನ ಗಾಜಿಗೆ ಹೋದ ಒಂದು ದಿನ

ಮಾರ್ಚ್ 14, 2026, ಶನಿವಾರ

ಬೆರಳ ತುದಿಗಳೆಲ್ಲ ನೆನೆದು ಸುಕ್ಕುಗಟ್ಟಿವೆ. ಬೆಳಿಗ್ಗೆ 8 ಗಂಟೆಗೆ ನೀರಿಗೆ ಇಳಿದ ಕೈ ಸಂಜೆವರೆಗೂ ಒಣಗಲಿಲ್ಲ. ಕಾರಿನ ಹಿಂದಿನ ಗಾಜಿಗೂ ಹಿಂಬದಿಯ ಎರಡು ಬಾಗಿಲಿನ ಗಾಜುಗಳಿಗೂ ಹೊಸ ಟಿಂಟ್ ಫಿಲ್ಮ್, ಅಂದರೆ ಬಿಸಿಲು ತಡೆಯಲು ಅಂಟಿಸುವ ತೆಳ್ಳನೆಯ ಹಾಳೆ, ಹಾಕಿ ಮುಗಿಸಿದೆವು. ಕೈಗೆ ನೆನಪಿರುವಾಗಲೇ ಎಲ್ಲ ಬರೆದಿಡಬೇಕು ಅನಿಸಿತು.

ಫಿಲ್ಮ್ ಅಂಟಿಸುವುದಕ್ಕೆ ಹಿಡಿಯುವ ಹೊತ್ತು ಬಹಳ ಕಡಿಮೆ. ದಿನವೆಲ್ಲ ಹೋಗುವುದು ತೊಳೆಯುವುದರಲ್ಲಿ. ಹೋದ ಸಲ ಬದಿಯ ಗಾಜನ್ನು ಒಂದೇ ಸಲ ಒರೆಸಿ ಫಿಲ್ಮ್ ಕೂರಿಸಿದ್ದೆ. ಒಣಗಿದ ಮೇಲೆ ನೋಡಿದರೆ ಒಳಗೆಲ್ಲ ಧೂಳಿನ ಚುಕ್ಕೆಗಳು. ಒಂದೊಂದು ಕಣದ ಸುತ್ತಲೂ ಪುಟ್ಟ ಗುಳ್ಳೆ. ನೀರಿನ ಗುಳ್ಳೆಯಾದರೆ ದಿನ ಕಳೆದಂತೆ ತಾನಾಗಿಯೇ ಆರಿ ಹೋಗುತ್ತದೆ. ಧೂಳಿನದು ಹಾಗಲ್ಲ, ಫಿಲ್ಮ್ ಕೀಳುವವರೆಗೂ ಅಲ್ಲೇ ಇರುತ್ತದೆ.

ಮೊದಲು ಹಳೆಯ ಫಿಲ್ಮ್ ತೆಗೆಯಬೇಕಿತ್ತು. ಅದು ಬಣ್ಣ ಹಾಕಿದ ಅಗ್ಗದ ಬಗೆ. ಬಿಸಿಲಿಗೆ ಬಣ್ಣ ಕೆಟ್ಟು ನೇರಳೆಯಾಗಿತ್ತು. ಬಿಸಿ ಗಾಳಿ ಊದುವ ಹೀಟ್ ಗನ್‌ನಿಂದ ಬಿಸಿ ಮಾಡುತ್ತಾ ಒಂದು ಮೂಲೆಯಿಂದ ನಿಧಾನವಾಗಿ ಎಳೆದರೆ ಅಂಟು ಕೂಡ ಜೊತೆಗೇ ಬರುತ್ತದೆ. ಅವಸರದಲ್ಲಿ ಎಳೆದರೆ ಫಿಲ್ಮ್ ಮಾತ್ರ ಬಂದು ಅಂಟು ಗಾಜಿನ ಮೇಲೇ ಉಳಿಯುತ್ತದೆ. ನಮ್ಮದು ಅರ್ಧ ಹಾಗೆ, ಅರ್ಧ ಹೀಗೆ ಆಯಿತು. ಬದಿಯ ಗಾಜಾದರೆ ಉಳಿದ ಅಂಟನ್ನು ಬ್ಲೇಡಿನಿಂದ ಹೆರೆಯಬಹುದು. ಹಿಂದಿನ ಗಾಜಿಗೆ ಬ್ಲೇಡ್ ತಾಗಿಸಲೇಬಾರದು. ಮಂಜು ಕರಗಿಸುವ ಆ ಸಣ್ಣ ಗೆರೆಗಳು ಗಾಜಿನ ಒಳಮೈ ಮೇಲೇ ಇರುತ್ತವೆ. ಒಂದು ಗೆರೆ ಕಡಿದರೆ ಆ ಸಾಲು ಮತ್ತೆ ಬಿಸಿಯಾಗುವುದಿಲ್ಲ. ಎಷ್ಟೋ ಕಾರುಗಳಲ್ಲಿ ರೇಡಿಯೋ ಆಂಟೆನಾ ಕೂಡ ಅದೇ ಗಾಜಿನಲ್ಲಿರುತ್ತದೆ. ಹಾಗಾಗಿ ಸೋಪು ನೀರು ಚೆನ್ನಾಗಿ ನೆನೆಸಿ, ಗೆರೆಗಳು ಹೋದ ದಿಕ್ಕಿಗೇ ಮೆತ್ತನೆಯ ಸ್ಕ್ರಬ್ಬರ್‌ನಿಂದ ತಿಕ್ಕಿದೆವು. ಇದಕ್ಕೇ ಎರಡು ಗಂಟೆ ಬೇಕಾಯಿತು.

ಹೊಸದಾಗಿ ತಂದದ್ದು ಸೆರಾಮಿಕ್ ಫಿಲ್ಮ್. ಲೋಹದ ಪದರ ಇರುವ ಫಿಲ್ಮ್ ಶಾಖ ತಡೆಯುತ್ತದೆ ನಿಜ, ಆದರೆ ಫೋನು, ಜಿಪಿಎಸ್ ಸಿಗ್ನಲ್‌ಗೂ ಅಡ್ಡ ಬರಬಹುದು. ಸೆರಾಮಿಕ್‌ಗೆ ಆ ತೊಂದರೆ ಇಲ್ಲ. ಫಿಲ್ಮ್ ಮೇಲೆ 50% ಅಂತ ಬರೆದಿದೆ. ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅರ್ಧ ಒಳಗೆ ಬಿಡುತ್ತದೆ. ಆದರೆ ಗಾಜು ತಾನೂ ಸ್ವಲ್ಪ ಬೆಳಕು ತಡೆಯುತ್ತದಲ್ವಾ? ಗಾಜು 75% ಬಿಟ್ಟರೆ ಎರಡನ್ನೂ ಗುಣಿಸಬೇಕು. ಕೊನೆಗೆ ಸಿಗುವುದು ಸುಮಾರು 37%. ಕಾನೂನಿನ ಮಿತಿ ನೋಡುವಾಗ ಈ ಎರಡನೆಯ ಲೆಕ್ಕವನ್ನೇ ಹಿಡಿಯಬೇಕು. ಮಿತಿ ಒಂದೊಂದು ಕಡೆ ಒಂದೊಂದು ಥರ, ಕೆಲವು ಕಡೆ ಫಿಲ್ಮ್ ಹಾಕುವುದಕ್ಕೇ ಬಿಡುವುದಿಲ್ಲ. ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಈಗ ಇವತ್ತಿನ ನಿಜವಾದ ಕೆಲಸಕ್ಕೆ ಬರುತ್ತೇನೆ. ಹಿಂದಿನ ಗಾಜು ಚಪ್ಪಟೆಯಾಗಿಲ್ಲ. ಅಡ್ಡಕ್ಕೂ ಬಾಗಿದೆ, ಉದ್ದಕ್ಕೂ ಬಾಗಿದೆ. ಚಪ್ಪಟೆ ಹಾಳೆಯನ್ನು ಬುಟ್ಟಿಯ ಬೆನ್ನಿನ ಮೇಲೆ ಹೊದಿಸಿದಂತೆ, ಎಲ್ಲೋ ಒಂದು ಕಡೆ ಫಿಲ್ಮ್ ಜಾಸ್ತಿಯಾಗಿ ಮಡಿಕೆ ಏಳಲೇಬೇಕು. ಈ ಮಡಿಕೆಗಳಿಗೆ ಫಿಂಗರ್ ಅನ್ನುತ್ತಾರೆ. ನೋಡಲು ಬೆರಳುಗಳ ಹಾಗೇ ಇರುತ್ತವೆ. ಅವನ್ನು ಬಿಸಿ ಮಾಡಿ ಕುಗ್ಗಿಸಬೇಕು.

ಇದನ್ನು ಮಾಡುವುದು ಗಾಜಿನ ಹೊರಗಡೆ. ಅಂಟಿಸುವುದು ಒಳಗಡೆ. ಹೊರಗೆ ಫಿಲ್ಮ್ ಹಾಸುವಾಗ ಲೈನರ್, ಅಂದರೆ ಅಂಟನ್ನು ಮುಚ್ಚಿದ ಪಾರದರ್ಶಕ ಹಾಳೆ, ನಮ್ಮ ಕಡೆಗೆ ಇರಬೇಕು. ಗೊತ್ತಾಗದಿದ್ದರೆ ಒಂದು ಮೂಲೆಯ ಎರಡೂ ಮೈಗೆ ಟೇಪ್ ತುಂಡು ಅಂಟಿಸಿ ಎಳೆದರೆ ಲೈನರ್ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಮುಖ್ಯ ವಿಷಯ: ಫಿಲ್ಮ್ ಕುಗ್ಗುವುದು ರೋಲ್ ಬಿಚ್ಚಿಕೊಳ್ಳುವ ದಿಕ್ಕಿನಲ್ಲಿ. ಅಗಲದ ದಿಕ್ಕಿನಲ್ಲಿ ಕುಗ್ಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅದಕ್ಕೆ ರೋಲ್ ಒಂದು ಬದಿಯಿಂದ ಇನ್ನೊಂದು ಬದಿಗೆ, ಅಡ್ಡಕ್ಕೆ ಬಿಚ್ಚಿಕೊಳ್ಳುವಂತೆ ಹಾಸಬೇಕು, ಮಡಿಕೆಗಳನ್ನೂ ಮೇಲಿನ ಮತ್ತು ಕೆಳಗಿನ ಅಂಚಿಗೇ ತಳ್ಳಬೇಕು. ಮೇಲಿನಿಂದ ಕೆಳಗೆ ಬಿಚ್ಚಿಕೊಳ್ಳುವಂತೆ ಹಾಸಿದರೆ ಎಷ್ಟು ಬಿಸಿ ಕೊಟ್ಟರೂ ಮಡಿಕೆ ಕುಗ್ಗುವುದಿಲ್ಲ, ಗೀರಾಗಿ ಉಳಿದುಬಿಡುತ್ತದೆ.

ಗಾಜಿನ ಮೇಲೆ ಟಾಲ್ಕಮ್ ಪೌಡರ್ ತೆಳ್ಳಗೆ ಸವರಿ ಫಿಲ್ಮ್ ಹಾಸಿದೆ. ಪೌಡರ್ ಇದ್ದರೆ ಅದು ಹಿಡಿದುಕೊಳ್ಳದೆ ಸರಾಗವಾಗಿ ಕುಗ್ಗುತ್ತದೆ. ನಡುವೆ ಅಡ್ಡಕ್ಕೆ ಒಂದು ಪಟ್ಟಿ, ಎರಡು ಬದಿಗೆ ಉದ್ದಕ್ಕೆ ಒಂದೊಂದು ಪಟ್ಟಿ ನೀರು ಒರೆಸಿ, ಅಲ್ಲಿ ಮಾತ್ರ ಫಿಲ್ಮ್ ಒತ್ತಿ ಕೂರಿಸಿದೆ. ಏಣಿಯ ಒಂದು ಮೆಟ್ಟಿಲಿನ ಆಕಾರ ಅನ್ನಿ. ಆಮೇಲೆ ಹೀಟ್ ಗನ್ ಹಿಡಿದೆ. ಗನ್ ಒಂದೇ ಕಡೆ ನಿಲ್ಲಬಾರದು, ಆಡುತ್ತಲೇ ಇರಬೇಕು. ನಿಂತರೆ ಫಿಲ್ಮ್ ಸುಡುತ್ತದೆ, ಗಾಜೇ ಒಡೆದರೂ ಒಡೆಯಬಹುದು. ಬಿಸಿ ತಾಗಿದ ಮಡಿಕೆ ಮೊದಲು ಸಣ್ಣಗೆ ಅಲುಗುತ್ತದೆ. ಆಮೇಲೆ ತಾನೇ ಒಳಗೆ ಸೇದಿಕೊಂಡಂತೆ ಚಪ್ಪಟೆಯಾಗುತ್ತದೆ. ಆ ಗಳಿಗೆಯಲ್ಲಿ ಗಟ್ಟಿ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒಂದು ಸಲ ಸವರಬೇಕು. ಎಷ್ಟು ಸಲ ನೋಡಿದರೂ ನನಗೆ ಅದು ಖುಷಿ ಕೊಡುತ್ತದೆ. ದೊಡ್ಡ ಮಡಿಕೆ ಇದ್ದರೆ ಅದನ್ನು ಎರಡು ಮೂರು ಸಣ್ಣ ಮಡಿಕೆಗಳಾಗಿ ಹಂಚಿಕೊಂಡು ಕುಗ್ಗಿಸುವುದು ಸುಲಭ.

ಕುಗ್ಗಿಸಿ, ಅಂಚು ಕತ್ತರಿಸಿ, ಪೌಡರ್ ಪೂರ್ತಿ ತೊಳೆದೆವು. ಪೌಡರ್ ಉಳಿದರೆ ಅದೂ ಧೂಳಿದ್ದಂತೆಯೇ.

ಒಳಗಿನ ಕೆಲಸಕ್ಕೆ ತಮ್ಮ ಬಂದ. ಹಿಂದಿನ ಸೀಟು, ಸ್ಪೀಕರ್ ಎಲ್ಲದರ ಮೇಲೂ ಟವೆಲ್ ಹಾಸಿದೆವು. ಎಸಿ ಬಂದ್, ಬಾಗಿಲು ಬಂದ್. ಗಾಳಿಯಲ್ಲೂ ಒಂದೆರಡು ಸಲ ನೀರು ಸಿಂಪಡಿಸಿದರೆ ತೇಲುವ ಧೂಳು ಕೆಳಗೆ ಕೂರುತ್ತದೆ. ಸ್ಪ್ರೇ ಬಾಟಲಿಯಲ್ಲಿ ಡಿಸ್ಟಿಲ್ಡ್ ನೀರು, ಅದಕ್ಕೆ ಕೆಲವು ಹನಿ ಬೇಬಿ ಶಾಂಪೂ. ಗಡಸು ನೀರಾದರೆ ಅದರ ಲವಣ ಫಿಲ್ಮ್ ಒಳಗೆ ಕಲೆಯಾಗಿ ಉಳಿಯುತ್ತದೆ. ಶಾಂಪೂ ಜಾಸ್ತಿಯಾದರೆ ಫಿಲ್ಮ್ ಕಚ್ಚಿಕೊಳ್ಳುವುದೇ ಇಲ್ಲ, ಜಾರುತ್ತಲೇ ಇರುತ್ತದೆ.

ಲೈನರ್ ಅರ್ಧ ಬಿಚ್ಚುತ್ತಾ ಅಂಟಿನ ಮೇಲೆ ನೀರು ಹೊಡೆದೆವು. ಮೇಲಿನ ಅರ್ಧ ಕೂರಿಸಿ ಆಮೇಲೆ ಕೆಳಗಿನದು. ನೀರು ತಳ್ಳಲು ಶುರು ಮಾಡಬೇಕು ಅನ್ನುವಷ್ಟರಲ್ಲಿ ತಮ್ಮ ಟಾರ್ಚ್ ಹಿಡಿದು, "ಅಣ್ಣಾ, ತಡಿ ತಡಿ, ಇಲ್ಲೊಂದು ಕೂದಲಿದೆ ನೋಡು" ಅಂದ. ಮೂಲೆ ಮೆಲ್ಲಗೆ ಎತ್ತಿ, ಅಂಟಿನ ಮೇಲೆ ಜೋರಾಗಿ ನೀರು ಹೊಡೆದೆ. ಕೂದಲು ಜಾರಿಕೊಂಡು ಹೋಯಿತು. ಅದನ್ನು ಬೆರಳಲ್ಲಿ ತೆಗೆಯಲು ಹೋಗಬಾರದು, ಬೆರಳಚ್ಚು ಅಂಟಿನಲ್ಲಿ ಹಾಗೇ ಕೂತುಬಿಡುತ್ತದೆ. ಅವನು ನೋಡದಿದ್ದರೆ ಆ ಕೂದಲನ್ನು ನಾನು ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡುತ್ತಾ ಗಾಡಿ ಓಡಿಸಬೇಕಿತ್ತು.

ನಡುವಿನಿಂದ ಹೊರಕ್ಕೆ, ಒಂದು ಎಳೆತದ ಮೇಲೆ ಇನ್ನೊಂದು ಸ್ವಲ್ಪ ಬರುವಂತೆ ಸ್ಕ್ವೀಜಿ, ಅಂದರೆ ನೀರು ತಳ್ಳುವ ರಬ್ಬರ್ ಪಟ್ಟಿ, ಎಳೆದೆ. ಗಾಜಿನ ಅಂಚಿನ ಕಪ್ಪು ಚುಕ್ಕೆಗಳ ಮೇಲೆ ಮಾತ್ರ ಫಿಲ್ಮ್ ಪೂರ್ತಿ ಕೂರಲಿಲ್ಲ. ಚುಕ್ಕೆಗಳು ಉಬ್ಬಿರುವುದರಿಂದ ನಡುವೆ ಗಾಳಿ ಉಳಿದು ಬೂದು ಗೆರೆ ಕಾಣುತ್ತದೆ. ಕಾರ್ಡಿಗೆ ಟಿಶ್ಯೂ ಸುತ್ತಿ ಒತ್ತಿದ ಮೇಲೆ ಎಷ್ಟೋ ಕಡಿಮೆಯಾಯಿತು. ನಾಳೆ ಮತ್ತೊಮ್ಮೆ ಒತ್ತಿ ನೋಡುತ್ತೇನೆ.

ಬಾಗಿಲಿನ ಗಾಜುಗಳು ಒಂದು ಗಂಟೆಯಲ್ಲಿ ಮುಗಿದವು. ಗಾಜನ್ನು ಸ್ವಲ್ಪ ಇಳಿಸಿ, ಮೇಲಂಚಿನಲ್ಲಿ 1 ಮಿಲಿಮೀಟರಿನಷ್ಟು ಜಾಗ ಬಿಟ್ಟು ಫಿಲ್ಮ್ ಕೂರಿಸಬೇಕು. ಅಂಚಿನವರೆಗೂ ತಂದರೆ ರಬ್ಬರ್‌ಗೆ ಉಜ್ಜಿ ಎದ್ದುಬರುತ್ತದೆ. ಮೇಲ್ಭಾಗ ಒತ್ತಿದ ಮೇಲೆ ಗಾಜು ಏರಿಸಿ, ಕೆಳಗಿನ ತುದಿಯನ್ನು ರಬ್ಬರ್ ಒಳಗೆ ತೂರಿಸಿದೆ. ಧೂಳು ಜಾಸ್ತಿ ಇರುವುದು ಆ ಕೆಳಗಿನ ರಬ್ಬರ್‌ನಲ್ಲೇ. ಅದನ್ನು ಮೂರು ಸಲ ತೊಳೆದಿದ್ದೆ.

ಈಗ ಗಾಜು ನೋಡಿದರೆ ಮಂಜು ಮಂಜಾಗಿದೆ, ಅಲ್ಲಲ್ಲಿ ನೀರಿನ ಸಣ್ಣ ಗುಳ್ಳೆಗಳಿವೆ. ಅದು ಆರಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಗುಳ್ಳೆ ಒತ್ತುವುದಿಲ್ಲ, ಒಳಗಡೆ ಗಾಜು ಒರೆಸುವುದೂ ಇಲ್ಲ. ಅಮೋನಿಯಾ ಇರುವ ಕ್ಲೀನರನ್ನು ಆಮೇಲೂ ಬಳಸುವುದಿಲ್ಲ. ಹಿಂಬದಿಯ ಎರಡು ಗಾಜಿನ ಸ್ವಿಚ್‌ಗಳ ಮೇಲೂ ಟೇಪ್ ಹಾಕಿ, "ಗುರುವಾರದವರೆಗೆ ಇಳಿಸಬೇಡಿ" ಅಂತ ಬರೆದು ಬಂದಿದ್ದೇನೆ.