ಶೇ 5ರ ಆಡಳಿತ ವೆಚ್ಚ ಮತ್ತು ಪೆಟ್ರೋಲಿನ ಸಾಲು

ವಿಜಯಪುರ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಗಳಲ್ಲಿ ಬಹಳ ಕಾಲದಿಂದ ಒಂದು ನಂಬಿಕೆ ಬೇರೂರಿದೆ. ಅನುದಾನದ ಅರ್ಜಿಯಲ್ಲಿ ಆಡಳಿತ ವೆಚ್ಚವನ್ನು ಎಷ್ಟು ಕಡಿಮೆ ತೋರಿಸುತ್ತೇವೆಯೋ ಹಣ ಅಷ್ಟು ಬೇಗ ಮಂಜೂರಾಗುತ್ತದೆ ಎಂಬುದೇ ಆ ನಂಬಿಕೆ. ನಮ್ಮ ಕಾರ್ಯದರ್ಶಿಗಳಂತೂ ಶೇ 5ಕ್ಕಿಂತ ಒಂದು ರೂಪಾಯಿಯೂ ಹೆಚ್ಚಾಗಬಾರದೆಂದು ಪಟ್ಟು ಹಿಡಿಯುತ್ತಿದ್ದರು. ಬಜೆಟ್ ಹಾಳೆ ಮಾಡುವವನಾದ ನಾನೂ ಅದೇ ಸರಿಯೆಂದು ತಿಳಿದಿದ್ದೆ.

ಇಂಡಿ ಮತ್ತು ಚಡಚಣ ತಾಲ್ಲೂಕುಗಳ ತಾಂಡಾಗಳಿಂದ ದಸರೆ ಮುಗಿಯುತ್ತಿದ್ದಂತೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಅಜ್ಜ-ಅಜ್ಜಿಯರ ಬಳಿ ಉಳಿಸಿಕೊಂಡು, ಸಂಜೆಯ ಊಟ ಮತ್ತು ಓದಿನ ವ್ಯವಸ್ಥೆ ಮಾಡಿ, ಶಾಲೆ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಯೋಜನೆ. ಇದಕ್ಕಾಗಿ ನಾವು ಅರ್ಜಿ ಹಾಕಿದ್ದು ಒಂದು ಸಮುದಾಯ ಪ್ರತಿಷ್ಠಾನಕ್ಕೆ. ಹಲವು ದಾನಿಗಳ ಹಣವನ್ನು ಒಂದೆಡೆ ಕೂಡಿಸಿ, ಅದನ್ನು ಹಂಚುವ ಅಧಿಕಾರವನ್ನು ದಾನಿಗಳ ಬದಲು ಸ್ಥಳೀಯ ನಾಗರಿಕರ ಸಮಿತಿಗೆ ಕೊಡುವ ಈ ಪದ್ಧತಿಯನ್ನು 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಆರಂಭಿಸಿದರು. ಸ್ಥಳೀಯರ ಸಮಿತಿ ಎಂದರೆ ಏನೆಂಬುದು ನಮಗೆ ಸಂದರ್ಶನದ ದಿನ ಅರ್ಥವಾಯಿತು. ದೂರದ ಕಂಪನಿಯ ಅಧಿಕಾರಿಗೆ ತಾಂಡಾ ಎಂದರೇನೆಂದು ವಿವರಿಸಬೇಕಾಗುತ್ತದೆ. ಇಲ್ಲಿ ಕುಳಿತವರಿಗೆ ಆ ತಾಂಡಾದ ರಸ್ತೆ ಎಲ್ಲಿ ಕೆಟ್ಟಿದೆ ಎಂಬುದೂ ಗೊತ್ತಿತ್ತು.

ಕಾಗದಪತ್ರಗಳ ಗೋಳನ್ನು ಹೆಚ್ಚು ಹೇಳುವುದಿಲ್ಲ. ಆದಾಯ ತೆರಿಗೆ ವಿನಾಯಿತಿಯ 12ಎಬಿ ಮತ್ತು 80ಜಿ ನೋಂದಣಿ, ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ಲಿನ ದರ್ಪಣ್ ಐಡಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಎಲ್ಲವೂ ಸಿದ್ಧವಿದ್ದವು. ಆದರೆ ಒಂದು ವರ್ಷದ ಆಡಿಟ್ ವರದಿಯ ಮೇಲೆ ಲೆಕ್ಕಪರಿಶೋಧಕರು ಹಾಕಬೇಕಾದ ಗುರುತಿನ ಸಂಖ್ಯೆ ಯುಡಿಐಎನ್ ಇರಲಿಲ್ಲ, ಲೆಕ್ಕಪರಿಶೋಧಕರು ಮದುವೆಗೆ ಹೋಗಿ ಫೋನ್ ಎತ್ತುತ್ತಿರಲಿಲ್ಲ, ಪೋರ್ಟಲ್ಲು 2 ಎಂಬಿಗಿಂತ ದೊಡ್ಡ ಕಡತವನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕೊನೆಯ ದಿನದ ಸಂಜೆ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ನಡುವೆಯೇ, ಅರ್ಜಿ ಹೇಗೋ ಸೇರಿತು.

ಸಂದರ್ಶನದಲ್ಲಿ ಮಕ್ಕಳ ಬಗ್ಗೆ, ಗುಳೆಯ ಬಗ್ಗೆ ಕೇಳುತ್ತಾರೆಂದು ನಾವು ಫೋಟೋಗಳ ಸಮೇತ ಸಿದ್ಧರಾಗಿ ಹೋಗಿದ್ದೆವು. ಸಮಿತಿಯಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನೇರವಾಗಿ ಬಜೆಟ್ಟಿನ ಪೆಟ್ರೋಲ್ ಸಾಲಿನ ಮೇಲೆ ಬೆರಳಿಟ್ಟರು. ಶೇ 5 ಮೀರಬಾರದೆಂದು ಸಂಯೋಜಕರ ಬೈಕಿಗೆ ತಿಂಗಳಿಗೆ 800 ರೂಪಾಯಿ ಎಂದು ನಾನು ಬರೆದಿದ್ದೆ. ಅವರು ಹಾಳೆಯನ್ನು ಹಿಂದುಮುಂದಾಗಿ ತಿರುಗಿಸಿ, ಪೆನ್ಸಿಲಿನಿಂದ ಲೆಕ್ಕ ಹಾಕತೊಡಗಿದರು. ದಿನಕ್ಕೆ 60 ಕಿಲೋಮೀಟರ್, ತಿಂಗಳಲ್ಲಿ 25 ದಿನ, ಲೀಟರಿಗೆ 50 ಕಿಲೋಮೀಟರ್ ಎಂದು ಹಿಡಿದರೂ 30 ಲೀಟರ್ ಬೇಕು.

“ನೀವು ಬರೆದ ದುಡ್ಡಿನಾಗ ಗಾಡಿ ಮೊದಲನೇ ವಾರಕ್ಕ ನಿಂದರತೈತಿ. ಮುಂದಿನ ಮೂರು ವಾರ ಪೆಟ್ರೋಲ್ ಯಾರು ಹಾಕಸ್ತಾರ?” ಎಂದು ಕೇಳಿದರು.

“ಅದನ್ನ ನಾವು ಹ್ಯಾಂಗರೆ ಹೊಂದಿಸ್ಕೋತೀವ್ರೀ ಸರ್,” ಎಂದರು ನಮ್ಮ ಕಾರ್ಯದರ್ಶಿಗಳು.

“ಎಲ್ಲಿಂದ?”

ಆ ಪ್ರಶ್ನೆಗೆ ಕೂಡಲೇ ಉತ್ತರ ಬರಲಿಲ್ಲ. ಪಕ್ಕದಲ್ಲಿದ್ದ ವೈದ್ಯೆಯೊಬ್ಬರು ನಾವೇ ಲಗತ್ತಿಸಿದ್ದ ಆಡಿಟ್ ವರದಿಯನ್ನು ತೆರೆದು, ಕಳೆದ ವರ್ಷದ ಪ್ರಯಾಣ ವೆಚ್ಚ ಈ ಬಜೆಟ್ಟಿನಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿದೆಯಲ್ಲ, ಆ ಹಣ ಬೇರೆ ದಾನಿಯ ಯೋಜನೆಯಿಂದ ಬಂದಿತ್ತೇ ಎಂದು ಮೆಲುದನಿಯಲ್ಲೇ ಕೇಳಿದರು. ಒಂದು ಯೋಜನೆಗೆಂದು ಕೊಟ್ಟ ಹಣವನ್ನು ಇನ್ನೊಂದಕ್ಕೆ ಬಳಸಿದ ಆರೋಪ ಬಂದರೆ ಸಂಸ್ಥೆಯ ಹೆಸರು ಉಳಿಯುವುದಿಲ್ಲ. ನಿಜ ಸಂಗತಿ ಅದಾಗಿರಲಿಲ್ಲ. ಕಾರ್ಯಕರ್ತೆಯರ ಗೌರವಧನವನ್ನು ತಡಮಾಡಿ, ಕೆಲವೊಮ್ಮೆ ಕಡಿತ ಮಾಡಿ ಹೊಂದಿಸಿದ್ದೆವು. ಅದನ್ನು ಆ ಮೇಜಿನ ಮುಂದೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಆದರೂ ಕಾರ್ಯದರ್ಶಿಗಳು ಕೊನೆಗೆ ಹೇಳಿದರು, ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಲೇಬಲ್ಲನ್ನು ಓದುತ್ತಾ ಕುಳಿತಿದ್ದೆ. ಆ ಸಲ ಅನುದಾನ ಸಿಗಲಿಲ್ಲ.

ಊರಿಗೆ ಬಂದ ಮೇಲೆ ಶೇ 5ರ ಮೂಲವನ್ನು ಹುಡುಕಿದೆ. 2014ರ ಸಿಎಸ್‌ಆರ್ ನಿಯಮಗಳಲ್ಲಿ ಕಂಪನಿಯ ಮತ್ತು ಅನುಷ್ಠಾನ ಸಂಸ್ಥೆಗಳ (ಕಂಪನಿಯ ಹಣದಲ್ಲಿ ಯೋಜನೆ ನಡೆಸುವ ನಮ್ಮಂಥವರ) ಸಿಬ್ಬಂದಿಯ ಸಾಮರ್ಥ್ಯವೃದ್ಧಿ ಹಾಗೂ ಆಡಳಿತ ವೆಚ್ಚಗಳಿಗೆ ಒಟ್ಟಾಗಿ ಶೇ 5ರ ಮಿತಿ ಇತ್ತು. 2021ರ ಜನವರಿಯ ತಿದ್ದುಪಡಿಯ ನಂತರ ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ವೆಚ್ಚಕ್ಕೆ ಮಾತ್ರ ಅನ್ವಯಿಸುತ್ತದೆ. ಯೋಜನೆಯ ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಗಳಿಗೆ ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ. ಅನುಷ್ಠಾನ ಸಂಸ್ಥೆಯ ನಿರ್ವಹಣಾ ವೆಚ್ಚವೂ ಆ ಶೇ 5ರಲ್ಲಿ ಸೇರುವುದಿಲ್ಲವೆಂದು ಅದೇ ವರ್ಷದ ಆಗಸ್ಟ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ. ವಿದೇಶಿ ದೇಣಿಗೆಯ ಮಾತು ಬೇರೆ. ಅಲ್ಲಿ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದೆ. ಜಿಲ್ಲಾ ಮಟ್ಟದ ಸಭೆಗಳಲ್ಲಿ ಈ ಎರಡನ್ನೂ ಕಲಸಿ ಮಾತನಾಡುವವರೇ ಹೆಚ್ಚು, ತರಬೇತಿ ಕೊಡಲು ಬರುವವರೂ ಸೇರಿದಂತೆ.

ಈಗ ಸಂಯೋಜಕರ ಸಂಬಳ, ಪೆಟ್ರೋಲು, ಹಾಜರಾತಿ ದಾಖಲಿಸುವ ಟ್ಯಾಬಿನ ಇಂಟರ್ನೆಟ್ಟು ಎಲ್ಲವನ್ನೂ ಯೋಜನಾ ವೆಚ್ಚದಲ್ಲೇ ತೋರಿಸುತ್ತೇವೆ. ಕಚೇರಿಯ ಬಾಡಿಗೆಯನ್ನು ಯೋಜನೆಗಳ ನಡುವೆ ಹಂಚಿ, ಹಂಚಿಕೆಯ ಆಧಾರವನ್ನು ಕೆಳಗೆ ಬರೆಯುತ್ತೇವೆ. ಮೊತ್ತ ಹಿಗ್ಗಿದರೆ ತಾಂಡಾಗಳ ಸಂಖ್ಯೆಯನ್ನು ಇಳಿಸುತ್ತೇವೆಯೇ ಹೊರತು ಗೌರವಧನವನ್ನಲ್ಲ. ಕಾರ್ಯದರ್ಶಿಗಳಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. “ಇಷ್ಟು ಕೇಳಿದ್ರ ದುರಾಸೆ ಅಂತಾರಲ್ರೀ,” ಎಂದು ಪ್ರತಿ ಸಲವೂ ಗೊಣಗಿ ಸಹಿ ಹಾಕುತ್ತಾರೆ.

ಮುಂದಿನ ಸುತ್ತಿನಲ್ಲಿ ಅದೇ ಪ್ರತಿಷ್ಠಾನ ನಮಗೆ ಅನುದಾನ ಕೊಟ್ಟಿತು. ಆದರೆ ಅವರ ಆಡಳಿತ ಮಂಡಳಿಯ ಸಭೆ ನಡೆದು ಮೊದಲ ಕಂತು ಬಿಡುಗಡೆಯಾಗುವ ಹೊತ್ತಿಗೆ ಜನವರಿ ಬಂದಿರುತ್ತದೆ. ಮುಂಗಡ ಪಡೆದ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲೇ ಟ್ರ್ಯಾಕ್ಟರ್ ಹತ್ತಿರುತ್ತವೆ, ತಡೆಯುವವರಿಲ್ಲದ ಮಕ್ಕಳು ಅವರ ಜೊತೆಗೇ ಹೋಗಿರುತ್ತಾರೆ. ಕಂತನ್ನು ದಸರೆಗೆ ಮೊದಲೇ ಕೊಡಿ ಎಂದು ಪತ್ರ ಬರೆದರೆ, ನಿಮ್ಮೊಬ್ಬರಿಗಾಗಿ ವೇಳಾಪಟ್ಟಿ ಬದಲಿಸಲಾಗದು ಎಂಬ ಉತ್ತರ ಬಂತು. ಹೀಗಾಗಿ ಊರಿನ ಅಂಗಡಿಕಾರರಿಂದ, ಹಳೆಯ ವಿದ್ಯಾರ್ಥಿಗಳಿಂದ ಚಿಲ್ಲರೆ ದೇಣಿಗೆ ಎತ್ತಿ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಗೌರವಧನಕ್ಕೆಂದು ಪ್ರತ್ಯೇಕ ಖಾತೆಯಲ್ಲಿ ಇಡುತ್ತಿದ್ದೇವೆ.