ಗಾಜಿನ ಕೋಣೆಗೆ ಮಡಚುವ ಬಾಗಿಲು: ಕೆಲಸ ಎಲ್ಲಿಗೆ ಬಂತು

ಸೆಪ್ಟೆಂಬರ್ ಕೊನೆ

ಮನೆಯ ಹಿಂದಕ್ಕೆ ಅಂಟಿಕೊಂಡಿರುವ ಗಾಜಿನ ಕೋಣೆಯನ್ನು ಈ ಚಳಿಗಾಲಕ್ಕೆ ಮುಂಚೆ ಬೇರ್ಪಡಿಸಲೇಬೇಕು ಅಂತ ತೀರ್ಮಾನ ಮಾಡಿಯಾಯಿತು. ಅದರ ಸೂರು ಗಾಜು, ಮೂರು ಕಡೆಯ ಗೋಡೆಯೂ ಗಾಜು. ನಡುಮನೆಗೂ ಅದಕ್ಕೂ ಮಧ್ಯೆ ಬಾಗಿಲೇ ಇಲ್ಲ, ಎರಡು ಮೀಟರಿಗೂ ಜಾಸ್ತಿ ಅಗಲದ ಬರೀ ತೆರಪು. ನಡುಮನೆಯ ಬಿಸಿ ಗಾಳಿ ಆ ತೆರಪಿನ ಮೇಲ್ಭಾಗದಿಂದ ಆಚೆ ಹೋಗುತ್ತದೆ. ಗಾಜಿಗೆ ತಾಗಿ ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿದು, ನೆಲದ ಮೇಲೆ ಹರಿದು ವಾಪಸ್ ಬರುತ್ತದೆ. ಎಲ್ಲಾ ಕಿಟಕಿ ಮುಚ್ಚಿದ್ದರೂ ಪಾದಕ್ಕೆ ಗಾಳಿ ಬೀಸುತ್ತಿರುತ್ತದಲ್ಲ, ಅದು ಇದೇ. ಹೀಟರ್ ಹೆಚ್ಚಿಸಿದರೆ ಈ ಸುತ್ತಾಟ ಇನ್ನೂ ಜೋರಾಗುತ್ತದೆ, ಅಷ್ಟೆ.

ಗೋಡೆ ಕಟ್ಟಿಬಿಡಬಹುದಿತ್ತು. ಆದರೆ ಬೇಸಿಗೆಯಲ್ಲಿ ಎರಡೂ ಒಂದೇ ಕೋಣೆಯಂತೆ ಇರುವುದು ನಮಗೆಲ್ಲ ಇಷ್ಟ. ದಪ್ಪ ಪರದೆ ಹಾಕಿ ನೋಡಿ ಅಂತ ಕೆಲವರು ಹೇಳಿದರು. ಪರದೆ ಸ್ವಲ್ಪ ತಡೆಯುತ್ತದೆ, ನಿಜ, ಆದರೆ ಕೆಳಗಿನಿಂದ ಗಾಳಿ ನುಸುಳುವುದು ನಿಲ್ಲುವುದಿಲ್ಲ. ಸ್ಲೈಡಿಂಗ್ ಬಾಗಿಲು ಹಾಕಿದರೆ ಅರ್ಧ ತೆರಪು ಯಾವಾಗಲೂ ಮುಚ್ಚಿಯೇ ಇರುತ್ತದೆ. ಹಾಗಾಗಿ ಮಡಚುವ ಬಾಗಿಲು.

ಆದರೆ ಮಡಚುವ ಬಾಗಿಲಿಗೆ ಸಂದುಗಳೇ ಶತ್ರು. ಲೆಕ್ಕ ಹಾಕಿ ನೋಡಿದೆ. ಮೂರು ಕದ, 2.1 ಮೀಟರ್ ಎತ್ತರ, 2.1 ಮೀಟರ್ ಅಗಲ. ಕದಗಳ ನಡುವೆ ಎರಡು ಸಂದು, ಚೌಕಟ್ಟಿನ ಎರಡು ಪಕ್ಕ, ಮೇಲೆ ಒಂದು, ಕೆಳಗೆ ಒಂದು. ಒಟ್ಟು 12.6 ಮೀಟರ್. ಎಲ್ಲಾ ಕಡೆ ಬರೀ 2 ಮಿಲಿಮೀಟರ್ ಸಂದು ಬಿಟ್ಟರೂ ಅದು 252 ಚದರ ಸೆಂಟಿಮೀಟರ್. ಅಂದರೆ ಕದದಲ್ಲಿ ಸುಮಾರು 16 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತೂತು ಕೊರೆದು ಇಟ್ಟ ಹಾಗೆ. ಒಳಬಾಗಿಲು ಅಂತ ಮಾರುವ ಸೆಟ್‌ಗಳಲ್ಲಿ ಬಹಳಷ್ಟಕ್ಕೆ ರಬ್ಬರ್ ಪಟ್ಟಿಯೇ ಇರುವುದಿಲ್ಲ. ಅವು ಎರಡು ಬೆಚ್ಚಗಿನ ಕೋಣೆಗಳ ನಡುವೆ ಹಾಕಲು ಮಾಡಿದವು. ನನ್ನ ಬಾಗಿಲು ಮನೆಯ ಒಳಗೇ ಇದ್ದರೂ ಮಾಡಬೇಕಾದದ್ದು ಹೊರಬಾಗಿಲಿನ ಕೆಲಸ. ಮಳೆಯೊಂದು ಬಿಟ್ಟರೆ ಉಳಿದಿದ್ದೆಲ್ಲ ಅದಕ್ಕೆ ಇದೆ.

ಗಾಜಿನ ವಿಚಾರದಲ್ಲಿ ಹೆಚ್ಚು ಯೋಚಿಸಬೇಕಾಗಲಿಲ್ಲ. ಒಂಟಿ ಗಾಜಿನ ಯು-ಮೌಲ್ಯ ಸುಮಾರು 5.7. ಅಂದರೆ ಎರಡು ಬದಿಯ ನಡುವೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರಿನಲ್ಲಿ 5.7 ವಾಟ್ ಬಿಸಿ ಆಚೆ ಹೋಗುತ್ತದೆ. ಲೋ-ಇ ಲೇಪನ (ಬಿಸಿಯನ್ನು ವಾಪಸ್ ಕಳಿಸುವ ತೆಳು ಪದರ), ಮಧ್ಯೆ ಆರ್ಗಾನ್ ಅನಿಲ ಇರುವ ಜೋಡಿ ಗಾಜಿನಲ್ಲಿ ಅದು 1.2ರ ಆಸುಪಾಸು. ಜೋಡಿ ಗಾಜಿನ ಮರದ ಕದಗಳನ್ನೇ ತರಿಸುವುದು ಅಂತ ತೀರ್ಮಾನಿಸಿದೆ. ಗಾಜು ಟಫನ್ಡ್, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು, ಆಗಿರಲೇಬೇಕು. ಒಡೆದರೆ ಚೂಪು ಚೂರಾಗುವುದಿಲ್ಲ, ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಒಮ್ಮೆ ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲು ಆಗುವುದಿಲ್ಲ. ಅದಕ್ಕೇ ಅಳತೆ ಮುಗಿಯದೆ ಆರ್ಡರ್ ಕೊಡಬಾರದು.

ಮೂರೇ ಕದ ಯಾಕೆ ಅಂತೀರಾ? ಬೆಸ ಸಂಖ್ಯೆಯ ಕದಗಳನ್ನು ಒಂದೇ ಕಡೆಗೆ ಮಡಚಿದರೆ ಕೊನೆಯ ಕದ ಮಾಮೂಲಿ ಬಾಗಿಲಿನಂತೆ ಒಂಟಿಯಾಗಿ ತೆರೆಯುತ್ತದೆ. ಗಿಡಕ್ಕೆ ನೀರು ಹಾಕಿ ಬರಲು ಇಡೀ ಸಾಲನ್ನು ಎಳೆದು ಮಡಚುವ ಗೋಜಿಲ್ಲ. ಚಳಿಗಾಲದಲ್ಲಿ ದಿನಾ ಓಡಾಡುವುದು ಆ ಒಂದೇ ಕದದಲ್ಲಿ.

ಅಕ್ಟೋಬರ್ ಮೊದಲು

ಅಳತೆ. ಅಗಲವನ್ನು ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಹಿಡಿದೆ. ಎತ್ತರವನ್ನೂ ಹಾಗೇ ಎಡ, ನಡು, ಬಲ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಲ್ಲದರಲ್ಲಿ ಚಿಕ್ಕದನ್ನು. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ. ಅವೆರಡೂ ಸಮ ಇದ್ದರೆ ತೆರಪು ಚೌಕವಾಗಿದೆ ಅಂತ. ನಮ್ಮದರಲ್ಲಿ ಒಂದಿಷ್ಟು ವ್ಯತ್ಯಾಸ ಇತ್ತು, ಗಾರೆ ಗೋಡೆಯಲ್ಲಿ ಅದು ಮಾಮೂಲು. ಚೌಕಟ್ಟನ್ನು ತುಸು ಚಿಕ್ಕದು ಮಾಡಿ ಪಕ್ಕಕ್ಕೆ ಬೆಣೆ ಕೊಟ್ಟರೆ ಸರಿಹೋಗುತ್ತದೆ.

ತಲೆಕೆಡಿಸಿದ್ದು ನೆಲ. ರಸಮಟ್ಟ ಇಟ್ಟರೆ ಎಡದಿಂದ ಬಲಕ್ಕೆ 6 ಮಿಲಿಮೀಟರ್ ಇಳಿಜಾರು. ಮೇಲಿನ ಟ್ರ್ಯಾಕ್, ಅಂದರೆ ಕದಗಳು ನೇತಾಡಿ ಸರಿಯುವ ಹಳಿ, ಮಾತ್ರ ಪಕ್ಕಾ ಸಮತಟ್ಟಾಗಿರಲೇಬೇಕು, ಇಲ್ಲದಿದ್ದರೆ ಕದಗಳು ತಮ್ಮಷ್ಟಕ್ಕೆ ತಾವೇ ತಗ್ಗಿನ ಕಡೆ ಉರುಳಿಬಿಡುತ್ತವೆ. ಟ್ರ್ಯಾಕ್ ಸಮ, ನೆಲ ಇಳಿಜಾರು ಅಂದರೆ ಕೆಳಗಿನ ಸಂದು ಒಂದು ತುದಿಯಲ್ಲಿ 4 ಮಿಮೀ, ಇನ್ನೊಂದು ತುದಿಯಲ್ಲಿ 10. ಕದದ ಅಡಿಗೆ ಹಾಕುವ ಕೂದಲಿನ ಬ್ರಷ್ ಪಟ್ಟಿ ಎಷ್ಟು ಅಂತ ಮುಚ್ಚೀತು?

ಪರಿಹಾರ ತೆಳ್ಳಗಿನ ಒಂದು ಹೊಸ್ತಿಲ ಪಟ್ಟಿ. ಗಟ್ಟಿ ಮರದ ಪಟ್ಟಿಯನ್ನು ನೆಲದ ಮೇಲಿಟ್ಟು, ತಗ್ಗಿನ ತುದಿಗೆ ಚಕ್ಕೆ ತುರುಕಿ, ಮೇಲ್ಮೈ ಸಮವಾಗುವವರೆಗೆ ಎತ್ತಿದೆ. ನಂತರ 6 ಮಿಮೀ ದಪ್ಪದ ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಒತ್ತಿ ಹಿಡಿದು, ತುಂಡನ್ನು ನೆಲದ ಮೇಲೆ ಜಾರಿಸುತ್ತಾ ಪಟ್ಟಿಯ ಪಕ್ಕಕ್ಕೆ ಗೆರೆ ಎಳೆದೆ. ನೆಲ ಎಲ್ಲಿ ಉಬ್ಬಿದೆಯೋ ಅಲ್ಲಿ ಗೆರೆಯೂ ಉಬ್ಬುತ್ತದೆ, ಎಲ್ಲಿ ತಗ್ಗಿದೆಯೋ ಅಲ್ಲಿ ತಗ್ಗುತ್ತದೆ. ಆ ಗೆರೆಯವರೆಗೆ ಕೀಸುಳಿಯಲ್ಲಿ ಕೀಸಿ ಕೂರಿಸಿದರೆ ಕೆಳಗೆ ನೆಲಕ್ಕೆ ಅಂಟಿ ಕೂರುತ್ತದೆ, ಮೇಲೆ ನೀರು ನಿಲ್ಲುವಷ್ಟು ಸಮ. ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಪಟ್ಟಿಯ ಅಡಿಗೆ ಸೀಲೆಂಟಿನ (ಸಂದು ತುಂಬುವ ಅಂಟಿನ) ಎರಡು ಗೆರೆ ಎಳೆದೇ ಸ್ಕ್ರೂ ಬಿಗಿದೆ. ಅಡಿಯಿಂದ ಗಾಳಿ ನುಗ್ಗಿದರೆ ಮೇಲೆ ಏನು ಮಾಡಿ ಏನು ಪ್ರಯೋಜನ?

ಕದಗಳು ಬಂದವು. ತಕ್ಷಣ ಹಾಕಬಾರದು. ನಡುಮನೆಯಲ್ಲೇ ಪಟ್ಟಿಗಳ ಮೇಲೆ ಚಪ್ಪಟೆಯಾಗಿ ಮಲಗಿಸಿ, ಮರ ಅಲ್ಲಿನ ತೇವಕ್ಕೆ ಒಗ್ಗಲು ಬಿಟ್ಟಿದ್ದೇನೆ. ಈ ಬಾಗಿಲಿನ ಪಾಡು ಕಷ್ಟದ್ದು: ಒಂದು ಮುಖಕ್ಕೆ ಬೆಚ್ಚಗಿನ ಒಣ ಗಾಳಿ, ಇನ್ನೊಂದಕ್ಕೆ ತಣ್ಣನೆಯ ತೇವ. ತೇವ ಹೀರಿದ ಮುಖ ಹಿಗ್ಗುತ್ತದೆ, ಒಣಗಿದ ಮುಖ ಕುಗ್ಗುತ್ತದೆ, ಕದ ಬಿಲ್ಲಾಗುತ್ತದೆ. ಇದಕ್ಕೆ ಎರಡು ಎಚ್ಚರಿಕೆ. ಇಡೀ ಮರದ ಬದಲು ಪದರ ಪದರ ಅಂಟಿಸಿ ಮಾಡಿದ ಒಳತಿರುಳು ಇರುವ ಕದ. ಮತ್ತೆ ಎರಡೂ ಮುಖಕ್ಕೆ ಒಂದೇ ಲೆಕ್ಕದ ವಾರ್ನಿಷ್ ಕೋಟು. ಮೇಲಂಚು ಕೆಳಂಚನ್ನು ಯಾರೂ ನೋಡುವುದಿಲ್ಲ ಅಂತ ಬಿಡುವ ಹಾಗಿಲ್ಲ. ನಾರಿನ ತುದಿ ತೆರೆದಿರುವುದು ಅಲ್ಲೇ, ಮರ ನೀರು ಕುಡಿಯುವುದೂ ಜಾಸ್ತಿ ಅಲ್ಲೇ.

ಅಕ್ಟೋಬರ್ ನಡುವೆ

ಲಿಂಟಲ್ ಪರೀಕ್ಷೆ. ತೆರಪಿನ ಮೇಲೆ ಗೋಡೆ ಹೊತ್ತಿರುವ ತೊಲೆ ಅದು, ಕದಗಳ ಭಾರವೂ ನೇತಾಡುವುದು ಅದಕ್ಕೇ. ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿದು ಕಟ್ಟಿದರೆ ನಡುವೆ ಎಷ್ಟು ಜಗ್ಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಜಗ್ಗಿತ್ತು, ಆದರೆ ಹಳೇ ಜಗ್ಗು, ಬಿರುಕೇನೂ ಇರಲಿಲ್ಲ. ಚೌಕಟ್ಟಿನ ಮೇಲ್ಪಟ್ಟಿಗೆ ಎರಡು ತುದಿಯಲ್ಲಿ ಚಕ್ಕೆ ಕೊಟ್ಟು ಸಮ ಮಾಡಿದೆ. ಗೋಡೆಯ ಮೇಲೆ ಅನುಮಾನ ಇರುವವರು ನೆಲದ ಮೇಲೆ ಭಾರ ಹಾಕುವ, ಕೆಳಗೆ ಉರುಳುವ ಬಗೆ ನೋಡುವುದು ವಾಸಿ.

ಭಾರದ ಲೆಕ್ಕ: ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ. 4 ಮಿಮೀ ಎರಡು ಗಾಜು ಅಂದರೆ 20 ಕಿಲೋ. ಮರವೂ ಸೇರಿ ಒಂದು ಕದ 30 ಕಿಲೋ ದಾಟುತ್ತದೆ, ಮೂರಕ್ಕೆ ಸುಮಾರು ನೂರು. ಮುಚ್ಚಿದಾಗ ಇದು ಅಗಲಕ್ಕೆ ಹಂಚಿಕೊಂಡಿರುತ್ತದೆ. ಮಡಚಿದಾಗ ಅಷ್ಟೂ ಭಾರ ಒಂದು ಪಕ್ಕಕ್ಕೆ ಬಂದು ಗುಂಪಾಗಿ ನಿಲ್ಲುತ್ತದೆ. ಹಾಗಾಗಿ ಮಡಚುವ ಪಕ್ಕದಲ್ಲಿ ಆಂಕರ್ ಬೋಲ್ಟ್‌ಗಳನ್ನು ಹತ್ತಿರ ಹತ್ತಿರ ಹಾಕಿದೆ, ಉಳಿದ ಕಡೆ ದೂರ.

ಕದ ಎತ್ತಿ ನೇತುಹಾಕಲು ಅಣ್ಣ ಬಂದಿದ್ದ. ಒಬ್ಬರೇ ಮಾಡುವ ಕೆಲಸ ಇದಲ್ಲ. ಮೊದಲ ಕದ ಗೋಡೆ ಪಕ್ಕದ ಪಿವಟ್ (ಕದ ತಿರುಗುವ ಗೂಟ) ಮೇಲೆ ಕೂರುತ್ತದೆ. ಎರಡನೆಯದನ್ನು ಅದಕ್ಕೆ ಹಿಂಜ್‌ನಿಂದ ಸೇರಿಸಿ, ಅದರ ಆಚೆ ತುದಿಯನ್ನು ಟ್ರ್ಯಾಕಿನ ಚಕ್ರಕ್ಕೆ ಸಿಕ್ಕಿಸಬೇಕು. ಮೂರನೆಯದು ಎರಡನೆಯದರ ಹಿಂಜ್ ಮೇಲೆ. ಕದಗಳ ನಡುವೆ 3 ಮಿಮೀ ದಪ್ಪದ ಪ್ಲಾಸ್ಟಿಕ್ ಚಕ್ಕೆ ಸಿಕ್ಕಿಸಿಕೊಂಡೇ ಹಿಂಜ್ ಬಿಗಿದೆವು. "ಇನ್ನೊಂಚೂರು ಎತ್ತೋ, ಬೆರಳು ಬಿಡು" ಅಂತ ಅವನು ಕೂಗಿದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಕೊನೆಗೆ ಪಿವಟ್ಟಿನ ಸ್ಕ್ರೂ ತಿರುಗಿಸಿ ಎತ್ತರ ಸರಿಮಾಡಿ, ಅರ್ಧ ತೆರೆದು ಬಿಟ್ಟೆವು. ಕದ ಎಲ್ಲಿ ಬಿಟ್ಟೆವೋ ಅಲ್ಲೇ ನಿಂತಿತು. ಟ್ರ್ಯಾಕ್ ಸಮ ಇದೆ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಡಚಿದ ಕದಗಳು ಗಾಜಿನ ಕೋಣೆಯ ಕಡೆಗೇ ಹೋಗುವಂತೆ ಇಟ್ಟಿದ್ದೇನೆ. ಇದರಲ್ಲಿ ಮನೆಯಲ್ಲಿ ಎರಡು ಪಕ್ಷ. ನಡುಮನೆಯ ಜಾಗ ಉಳಿಯಬೇಕು ಅನ್ನುವುದು ನನ್ನ ಪಕ್ಷ.

ನವೆಂಬರ್

ಈಗ ನಿಜವಾದ ಕೆಲಸ, ಸಂದು ಮುಚ್ಚುವುದು. ಕದಗಳ ಅಂಚಿಗೆ ಮರ ಕೊರೆಯುವ ರೌಟರ್‌ನಲ್ಲಿ ಗ್ರೂವ್ (ಸಣ್ಣ ಕಾಲುವೆ) ಹೊಡೆದು, ಒಳಗೆ ಟೊಳ್ಳಿರುವ ರಬ್ಬರ್ ಪಟ್ಟಿ ತುರುಕಿದೆ. ಟೊಳ್ಳಿನದೇ ಯಾಕೆ ಅಂದರೆ ಅದು ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ಉಬ್ಬುತ್ತದೆ. ಚಳಿಗಾಲದಲ್ಲಿ ಮನೆಯ ಒಣ ಗಾಳಿಗೆ ಮರ ಒಂದಿಷ್ಟು ಕುಗ್ಗಿದರೂ ಸಂದು ತುಂಬಿಯೇ ಇರುತ್ತದೆ. ಸುಮ್ನೆ ದಪ್ಪದ್ದನ್ನು ಹಾಕಿಬಿಟ್ಟರೆ ಬಾಗಿಲು ಮುಚ್ಚುವುದೇ ಕಷ್ಟ, ಹಿಂಜ್‌ಗೂ ಜಗ್ಗಾಟ. ಅಂಟು ಹಿಂಬದಿಯ ಸ್ಪಂಜಿನ ಪಟ್ಟಿ ಅಗ್ಗ, ಆದರೆ ದಿನಾ ತೆಗೆದು ಹಾಕುವ ಕಡೆ ಅದು ಬಾಳುವುದಿಲ್ಲ.

ಮೊದಲ ಎರಡು ಕದಗಳ ಅಡಿಗೆ ಬ್ರಷ್ ಪಟ್ಟಿ. ಹೊಸ್ತಿಲು ಸಮ ಇರುವುದರಿಂದ ಕೂದಲು ಎಲ್ಲಾ ಕಡೆ ಒಂದೇ ಥರ ತಾಗುತ್ತದೆ. ದಿನಾ ಓಡಾಡುವ ಕದಕ್ಕೆ ತಾನೇ ಇಳಿಯುವ ಸೀಲ್. ಕದ ಮುಚ್ಚಿದಾಗ ಅದರ ಪಕ್ಕದ ಸಣ್ಣ ಗುಬುಟು ಒತ್ತಿಕೊಳ್ಳುತ್ತದೆ, ಒಳಗಿನ ಸ್ಪ್ರಿಂಗ್ ಬಾಗಿ ರಬ್ಬರ್ ಪಟ್ಟಿ ಹೊಸ್ತಿಲಿಗೆ ಇಳಿಯುತ್ತದೆ. ತೆರೆದ ಕೂಡಲೇ ಮೇಲೇರುತ್ತದೆ, ನೆಲ ಉಜ್ಜುವುದಿಲ್ಲ. ಗುಬುಟನ್ನು ಅರ್ಧ ಸುತ್ತು ತಿರುಗಿಸಿದರೂ ಪಟ್ಟಿ ಇಳಿಯುವ ಅಳತೆ ಬದಲಾಗುತ್ತದೆ, ಅದಕ್ಕೆ ತಾಳ್ಮೆ ಬೇಕು.

ಪರೀಕ್ಷೆಗೆ ಎರಡು ಉಪಾಯ. ಕಾಗದದ ಚೂರನ್ನು ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯುವುದು. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಇನ್ನೊಂದು, ಹೊರಗೆ ಚಳಿ ಗಾಳಿ ಇರುವ ರಾತ್ರಿ ಊದುಬತ್ತಿ ಹಚ್ಚಿ ಅಂಚುಗುಂಟ ಮೆಲ್ಲಗೆ ಸಾಗಿಸುವುದು. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಮೇಲಿನ ಟ್ರ್ಯಾಕಿನ ಎಡ ಮೂಲೆಯಲ್ಲಿ ತಟಕ್ಕನೆ ಆಚೆಗೆ ಬಾಗಿತು. ಬಿಸಿ ಗಾಳಿ ಸೋರುವುದು ಮೇಲೆಯೇ, ಅಲ್ವಾ. ಟ್ರ್ಯಾಕಿಗೂ ಚೌಕಟ್ಟಿಗೂ ಮಧ್ಯೆ ಸೀಲೆಂಟ್ ತುಂಬಿ, ಮುಂದಕ್ಕೆ ಮರದ ಬೀಡಿಂಗ್ (ತೆಳು ಅಂಚುಪಟ್ಟಿ) ಕೊಟ್ಟು, ಅದರ ಒಳಬದಿಗೆ ಬ್ರಷ್ ಅಂಟಿಸಿದ ಮೇಲೆ ಹೊಗೆ ನೆಟ್ಟಗಾಯಿತು.

ಕೆಲಸ ಮುಗಿದ ಮೇಲೆ ಗಾಜಿನ ಕೋಣೆ ಮೊದಲಿಗಿಂತ ತಣ್ಣಗಾಗಿದೆ. ಆಗಲೇಬೇಕು, ಇಲ್ಲಿಯವರೆಗೆ ಅದನ್ನು ಕಾಯಿಸುತ್ತಿದ್ದದ್ದು ನಮ್ಮ ನಡುಮನೆ. ಇದರಿಂದ ಎರಡು ಹೊಸ ಚಾಕರಿ ಹುಟ್ಟಿವೆ. ಅಲ್ಲಿ ಹೀಟರಿನ ನೀರಿನ ಪೈಪ್ ಇದ್ದರೆ ಪೂರ್ತಿ ಬಂದ್ ಮಾಡುವ ಹಾಗಿಲ್ಲ. ನೀರು ಹೆಪ್ಪುಗಟ್ಟಿ ಪೈಪ್ ಒಡೆಯದಂತೆ ಹಿಮ ತಡೆಯುವ ಕನಿಷ್ಠ ಮಟ್ಟದಲ್ಲಿ ಇಡಬೇಕು, ಇಲ್ಲ ನೀರು ಖಾಲಿ ಮಾಡಬೇಕು. ಎರಡನೆಯದು ತೇವ. 20 ಡಿಗ್ರಿಯ, 50 ಶೇಕಡಾ ತೇವಾಂಶದ ಗಾಳಿ 9 ಡಿಗ್ರಿಯ ಆಸುಪಾಸಿನ ಗಾಜಿಗೆ ತಾಗಿದರೆ ಸಾಕು, ನೀರು ಹನಿಯುತ್ತದೆ. ಈಗ ಅಲ್ಲಿನ ಗಾಜು ಬೆಳಿಗ್ಗೆ ಅದಕ್ಕಿಂತಲೂ ತಣ್ಣಗಿರುತ್ತದೆ. ಹಾಗಾಗಿ ಅಲ್ಲಿ ಬಟ್ಟೆ ಒಣಗಿಸುವುದು ಬಂದ್. ಮೇಲಿನ ಸಣ್ಣ ಗಾಳಿಕಿಂಡಿ ಚಳಿಗಾಲವಿಡೀ ತೆರೆದೇ ಇರುತ್ತದೆ. ಗಾಳಿಕಿಂಡಿ ತೆರೆದರೆ ಚಳಿ ಬರುವುದಿಲ್ಲವಾ ಅಂತ ಮನೆಯಲ್ಲಿ ಕೇಳಿದರು. ಬರುತ್ತದೆ, ಆದರೆ ಬಾಗಿಲಿನ ಆಚೆಗೆ.

ಚಳಿ ತಡೆಯದ ಕೆಲವು ಗಿಡಗಳು ಒಳಗೆ ಬಂದಿವೆ. ಬಾಗಿಲಿನ ಮರದ ಒಳಮುಖ ಕೈಗೆ ಬೆಚ್ಚಗಿದೆ, ಗಾಜು ಸ್ವಲ್ಪ ತಂಪು, ಹೊಸ್ತಿಲು ಇನ್ನೂ ತಣ್ಣಗೆ. ಆಚೆಯ ನೆಲವೂ ಈಚೆಯ ನೆಲವೂ ಒಂದೇ ಕಾಂಕ್ರೀಟ್ ಹಾಸು, ಅದರೊಳಗಿಂದಲೇ ಚಳಿ ಹಾಯ್ದು ಬರುತ್ತದೆ. ಅದನ್ನು ತಡೆಯಬೇಕಾದರೆ ನೆಲ ಕೊಯ್ದು ಮಧ್ಯೆ ನಿರೋಧಕ ಪಟ್ಟಿ ಹಾಕಬೇಕು. ಅಷ್ಟು ದೂರ ಹೋಗುವ ಮನಸ್ಸಿಲ್ಲ, ಈಚೆ ಬದಿಗೆ ದಪ್ಪ ಚಾಪೆ ಹಾಸಿದ್ದೇನೆ.

ಬಾಕಿ ಇರುವುದು: ಬೀಡಿಂಗಿಗೆ ಕೊನೆಯ ಕೋಟು, ಮತ್ತೆ ಹಿಡಿಕೆಗಳು. ಮಡಚಿದಾಗ ಒಂದಕ್ಕೊಂದು ತಾಗದಷ್ಟು ಚಪ್ಪಟೆಯವು ಬೇಕು, ಅಂಥವು ಇನ್ನೂ ಸಿಕ್ಕಿಲ್ಲ. ಬ್ರಷ್ ಪಟ್ಟಿಯ ಕೂದಲು ಎಷ್ಟು ಸವೆದಿದೆ ಅಂತ ಫೆಬ್ರವರಿಯಲ್ಲಿ ನೋಡಿ, ಆಗಲೇ ಪಿವಟ್ಟಿನ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿ ಮಾಡುತ್ತೇನೆ.